ಆಮೆಗೆ ತಾಗಿದ ಚೆಂಡು

ಕೆರೆಯಂಗಳದಲ್ಲಿ ಮುಂಗುಸಿ ಶುರು ಮಾಡಿದ ಡಾಡ್ಜ್‌ಬಾಲ್ ಪಂದ್ಯಕ್ಕೆ ಮೊದಮೊದಲು ಬರುತ್ತಿದ್ದವರು ಅಕ್ಕಪಕ್ಕದ ಬಿಲದವರಷ್ಟೇ. ಎದುರಾಳಿ ಎಸೆದ ಚೆಂಡು ಮೈಗೆ ತಾಗಿದರೆ, ತಾಗಿಸಿಕೊಂಡವರು ತಾವೇ "ತಾಗಿತು" ಎಂದು ಹೇಳಿ ಗೆರೆಯಾಚೆ ಹೋಗಬೇಕು; ಅದೊಂದೇ ಕಟ್ಟಳೆ. ಬರಬರುತ್ತಾ ಆಚೆ ದಡದವರೂ ಬಂದರು. ಆ ಚಳಿಗಾಲ ಹಿಮಾಲಯದಾಚೆಯಿಂದ ಹೆಬ್ಬಾತುಗಳೂ ತಂಡ ಕಟ್ಟಿಕೊಂಡು ಬಂದಿಳಿದವು.

"ಪರದೇಶದವರು ನಮ್ಮ ಬಾಯಿಮಾತು ನಂಬುತ್ತಾರೆಯೇ?" ಎಂದು ಮುಂಗುಸಿ ಹದ್ದನ್ನು ತೀರ್ಪುಗಾರನನ್ನಾಗಿ ಮರದ ಮೇಲೆ ಕೂರಿಸಿತು.

ಕೊನೆಯ ಪಂದ್ಯದಲ್ಲಿ ಊರಿನ ತಂಡಕ್ಕೆ ಉಳಿದದ್ದು ಆಮೆಯೊಂದೇ. ಎದುರಿಗೂ ಒಂದೇ ಹೆಬ್ಬಾತು. ಅದು ಎಸೆದ ಚೆಂಡು ಆಮೆಯ ಬೆನ್ನು ಸವರಿದಂತೆ ಹಾರಿಹೋಯಿತು.

"ತಾಗಲಿಲ್ಲ," ಎಂದು ಹದ್ದು ಕೂಗಿತು. ಎಸೆದ ಹೆಬ್ಬಾತೂ ಒಪ್ಪಿಕೊಂಡಿತು.

"ತಾಗಿತು," ಎಂದು ಆಮೆ ಗೆರೆಯತ್ತ ಹೊರಟಿತು.

ಮುಂಗುಸಿ ಓಡಿ ಬಂದು ಪಿಸುಗುಟ್ಟಿತು: "ಏನು ಮಾಡುತ್ತಿದ್ದೀಯೋ ಮಾರಾಯ! ತಾಗಿದ್ದರೂ ಚಿಪ್ಪಿಗೆ ತಾನೇ, ನಿನಗಲ್ಲವಲ್ಲ!"

"ಚಿಪ್ಪೂ ನಾನೇ ಅಣ್ಣಾ," ಎಂದಿತು ಆಮೆ.

ಗೆರೆ ದಾಟಲು ಅದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಹೆಬ್ಬಾತುಗಳೆಲ್ಲ ಎದ್ದು ನಿಂತೇ ಇದ್ದವು.

"ಮನೆಯಂಗಳದಲ್ಲೇ ಸೋತೆವು. ಇನ್ನು ಈ ಪಂದ್ಯಕ್ಕೆ ಯಾರು ಬರುತ್ತಾರೆ?" ಎಂದು ಮುಂಗುಸಿ ಮುಖ ಸಣ್ಣ ಮಾಡಿಕೊಂಡಿತು.

ಮರುವರ್ಷ ಹೆಬ್ಬಾತುಗಳ ಬೆನ್ನಿಗೇ ಕೊಕ್ಕರೆಗಳು, ಬಾತುಗಳು, ಮುಂಗುಸಿಗೆ ಹೆಸರೇ ಗೊತ್ತಿಲ್ಲದ ಎಷ್ಟೋ ಹಕ್ಕಿಗಳು ಕೆರೆ ತುಂಬ ಇಳಿದವು. ಊರಿನ ನುಡಿಯಲ್ಲಿ ಅವಕ್ಕೆಲ್ಲ ಬರುತ್ತಿದ್ದುದು ಒಂದೇ ಮಾತು: "ತಾಗಿತು." ತೀರ್ಪು ಹೇಳಲು ಕೂತ ಹದ್ದು, ಮಾಡಲು ಕೆಲಸವಿಲ್ಲದೆ, ಕೊಂಬೆಯ ಮೇಲೇ ನಿದ್ದೆ ಹೋಯಿತು.