ಜೋಡಿಯವಳ ಬಿರಡೆ

ಮೇಳಕ್ಕೆ ಸೇರಿದ ದಿನವೇ ದಾನಮ್ಮ ಗುರುಗಳಿಗೆ ಎದುರು ಮಾತಾಡಿದಳು.

ಮೇಳವೆಂದರೆ ಹೊಳೆಯ ದಂಡೆಯ ಆಶ್ರಮದ ಮಕ್ಕಳ ಮೇಳ. ಸುತ್ತಲಿನ ಊರುಗಳ ಹುಡುಗ ಹುಡುಗಿಯರು ಅಲ್ಲೇ ಉಂಡು, ಅಲ್ಲೇ ಮಲಗಿ, ಪಿಟೀಲು, ಸಿತಾರು, ತಬಲಾ ಕಲಿಯುತ್ತಿದ್ದರು. ಗಂಜಿ ಕುಡಿಯುವ ಮುಂಚೆ ಸರಿಗಮ, ಕುಡಿದ ಮೇಲೂ ಸರಿಗಮ. ಕೈ ಕುದುರಿದವರು ಮೇಳಕ್ಕೆ ಬರುತ್ತಿದ್ದರು.

ಯಾವ ಊರಿನವರು ಕರೆದರೂ ಮೇಳ ಹೋಗಬೇಕು. ತೊಟ್ಟಿಲ ಮನೆಯಾದರೂ ಸರಿ, ಸಾವಿನ ಮನೆಯಾದರೂ ಸರಿ. ಕಲಿತದ್ದನ್ನು ಊರಿಗೆ ಬಡಿಸದೆ ತಾನೊಬ್ಬನೇ ಉಣ್ಣಬಾರದು ಎಂಬುದು ಗುರುಗಳ ಹಟ. ಆ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಮೇಳದಲ್ಲಿ ಒಂದು ಪದ್ಧತಿ ಇತ್ತು. ತಂತಿವಾದ್ಯದವರು ಯಾರೂ ತಮ್ಮ ವಾದ್ಯವನ್ನು ತಾವೇ ಶ್ರುತಿ ಮಾಡಿಕೊಳ್ಳುವಂತಿಲ್ಲ. ಇಬ್ಬಿಬ್ಬರು ಜೋಡಿ. ಒಬ್ಬರು ತಮ್ಮ ತಂತಿ ಮೀಟಬೇಕು, ಜೋಡಿಯವರು ತಂಬೂರಿಯ ನಾದ ಕೇಳುತ್ತ ಆ ತಂತಿಯನ್ನು ಬಿಗಿಯುವ ಬಿರಡೆ ತಿರುಗಿಸಬೇಕು. ಆಮೇಲೆ ಇವರು ಅವರದಕ್ಕೆ ಕೈ ಹಾಕಬೇಕು.

ದಾನಮ್ಮನಿಗೆ ಸಿಕ್ಕ ಜೋಡಿ ಬಾಳವ್ವ. ಇಬ್ಬರದೂ ಪಿಟೀಲು.

"ಅಜ್ಜಾರ, ಬಾಳವ್ವನ ಕಿವಿ ಒರಟ ಐತ್ರಿ. ನಂದು ನಾನ ಶ್ರುತಿ ಮಾಡ್ಕೊಂಡ್ರ ಏನ್ರಿ ತಪ್ಪು?"

"ತಪ್ಪೇನಿಲ್ಲವಾ."

"ಹಂಗಾರ ಮಾಡ್ಕೊಳ್ಳಲೇನ್ರಿ?"

"ಒಬ್ಬಾಕೀನ ಬಾರಿಸುವಾಗ ಮಾಡ್ಕೊ."

ದಾನಮ್ಮ ಮುಖ ಊದಿಸಿಕೊಂಡು ಹೋಗಿ ಕುಳಿತಳು.

ಅವಳ ಕಿವಿ ಅಂಥದಿತ್ತು ಬಿಡಿ. ಯಾರಾದರೂ ಕೊಡ ಕೆಳಗಿಟ್ಟರೆ ಅದರ ಸ್ವರ ಯಾವುದೆಂದು ಹೇಳಿಬಿಡುವಳು. ಮೊದಮೊದಲು ಮಕ್ಕಳೆಲ್ಲ ಬೆರಗಾಗಿ ಅವಳ ಸುತ್ತ ಮುತ್ತಿದರು. ಆಮೇಲೆ ಅವಳು ಅವರ ಸ್ವರಗಳನ್ನೂ ಹೇಳತೊಡಗಿದಳು. ನಿನ್ನ ಗಾಂಧಾರ ಇಳಿದಿದೆ, ನಿನ್ನ ನಿಷಾದ ಏರಿದೆ. ಹೇಳಿದ್ದೆಲ್ಲ ನಿಜ. ನಿಜವಾದ್ದರಿಂದಲೇ ಯಾರಿಗೂ ಸಹಿಸಲಾಗಲಿಲ್ಲ.

ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಪಡಸಾಲೆಯ ತುದಿಯಲ್ಲಿ ಅವಳೊಬ್ಬಳೇ ತಾಟು ಹಿಡಿದು ಕೂರುತ್ತಿದ್ದಳು. ಆ ಕಡೆ ಮಕ್ಕಳು ನಗುತ್ತಿದ್ದರು. ಆ ನಗು ಯಾವ ಸ್ವರದಲ್ಲಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಯಾಕೆ ನಗುತ್ತಿದ್ದಾರೆ ಎಂಬುದು ತಿಳಿಯುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಅಜ್ಜಾರ ಬಳಿ ಹೋದಳು.

"ಅಜ್ಜಾರ, ನನ್ನ ಕೂಡ ಯಾರೂ ಮಾತಾಡಂಗಿಲ್ರಿ."

"ನೀ ಯಾರ ಕೂಡ ಮಾತಾಡ್ತಿ?"

"ತಪ್ಪು ಬಾರಿಸಿದ್ರ ಹೇಳ್ತೀನ್ರಿ."

"ತಪ್ಪು ಬಾರಿಸದಾಗ?"

ಅಜ್ಜಾರು ತಂಬೂರಿ ಒರೆಸುತ್ತ ಕುಳಿತರು.

ಆ ದಿನಗಳಲ್ಲೇ ಹೊಳೆಯಾಚೆಯ ಅಂಬಿಗರ ಓಣಿಯಿಂದ ಹಿರಿಯನೊಬ್ಬ ಬಂದ. ಹಿಂದಿನ ಮಳೆಗಾಲದಲ್ಲಿ ಅವರ ದೋಣಿ ಮಗುಚಿ, ರುದ್ರವ್ವನೆಂಬವಳ ಮಗ ನೀರುಪಾಲಾಗಿದ್ದ. ಅಂದಿನಿಂದ ರುದ್ರವ್ವ ಅತ್ತಿಲ್ಲ, ಹೊಸ್ತಿಲು ದಾಟಿಲ್ಲ. ಅವಳ ಮುಖ ನೋಡಿ ಓಣಿಯವರು ಮದುವೆ ಮುಂಜಿಗಳನ್ನೂ ಮುಂದೂಡಿದ್ದರು.

"ಓಣ್ಯಾಗ ವಾದ್ಯದ ಸದ್ದ ಇಲ್ರಿ, ಅಜ್ಜಾರ. ನಿಮ್ಮ ಮಕ್ಕಳನ್ನ ಕರಕೊಂಡು ಬರ್ರಿ. ಆಕಿ ಹೊರಗ ಬಂದು ಕುಂತ್ರ ಸಾಕು."

ಮೇಳ ಹೊರಟಿತು. ಹೊತ್ತು ಇಳಿಯುವಾಗ ರುದ್ರವ್ವನ ಮನೆಯ ಮುಂದೆ ಚಾಪೆ ಹಾಸಿದರು. ಓಣಿಯೆಲ್ಲ ನೆರೆಯಿತು. ಬಾಗಿಲು ಸರಿಯಿತು. ರುದ್ರವ್ವ ಬಂದಳು, ಹೊಸ್ತಿಲ ಮೇಲೆ ಕುಳಿತಳು.

ಜೋಡಿಗಳು ಎದುರುಬದುರು ಕೂತು ಶ್ರುತಿ ಮಾಡಿಕೊಂಡವು. ದೋಣಿಯ ಕುಲುಕಾಟಕ್ಕೆ ಬಿರಡೆ ಸಡಿಲಿ ತಂಬೂರಿಯ ಶ್ರುತಿ ಕೂದಲೆಳೆಯಷ್ಟು ಇಳಿದಿತ್ತು. ಮೇಳವೆಲ್ಲ ಅದಕ್ಕೇ ಹೊಂದಿಕೊಂಡಿತು. ಇಳಿದದ್ದು ದಾನಮ್ಮನಿಗೆ ಮಾತ್ರ ಗೊತ್ತಾಯಿತು. ಬಾಳವ್ವನ ಬಿರಡೆಗಳನ್ನು ಅವಳು ತಂಬೂರಿಗೆ ಸರಿಯಾಗಿಯೇ ತಿರುಗಿಸಿದಳು. ಬಾಳವ್ವ ಇವಳದನ್ನು ಮುಗಿಸಿ ತಿರುಗಿದ್ದೇ ತಡ, ದಾನಮ್ಮ ಸೆರಗಿನ ಮರೆಯಲ್ಲಿ ತನ್ನ ತಂತಿಗಳನ್ನು ಆಶ್ರಮದಲ್ಲಿದ್ದ ಮೊದಲಿನ ಶ್ರುತಿಗೆ ಏರಿಸಿಕೊಂಡಳು.

ಮೇಳ ಶುರುವಾಯಿತು. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ದಾನಮ್ಮನ ಪಿಟೀಲು ಎಲ್ಲದರ ನಡುವೆ ಕಟಕಟ ಎನ್ನತೊಡಗಿತು. ಅವಳ ಸ್ವರ ಶುದ್ಧವಾಗಿತ್ತು. ಕೇಳುವವರಿಗೆ ಮಾತ್ರ ಹಿಂಸೆ.

ರುದ್ರವ್ವ ಎರಡೂ ಕಿವಿ ಮುಚ್ಚಿಕೊಂಡು ಎದ್ದಳು. ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು.

ಅಜ್ಜಾರು ಕೈ ಎತ್ತಿದರು. ಮೇಳ ನಿಂತಿತು.

"ದಾನವ್ವಾ, ತಂಬೂರಿ ಇಳಿದದ್ದು ನಿನಗ ಮೊದಲ ಗೊತ್ತಾಗಿತ್ತೇನು?"

"ಗೊತ್ತಾಗಿತ್ರಿ."

"ಯಾರಿಗೆ ಹೇಳಿದಿ?"

"ಯಾರಿಗೂ ಇಲ್ರಿ."

ಓಣಿಯವರು ಅವಳನ್ನೇ ನೋಡುತ್ತಿದ್ದರು. ನೆಲ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. "ತಪ್ಪಾತ್ರಿ ಅಜ್ಜಾರ. ನಾನ ಇಳಸ್ಕೋತೀನ್ರಿ," ಎಂದು ಬಿರಡೆಗೆ ಕೈ ಹಾಕಿದಳು.

"ಬ್ಯಾಡ. ನಿಂದು ಖರೇ ಶ್ರುತಿ. ಖರೇದನ್ನ ಯಾಕ ಇಳಸ್ತಿ?" ಅಜ್ಜಾರು ಮೇಳದ ಕಡೆ ತಿರುಗಿದರು. "ದಾನವ್ವ ನಮ್ಮನ್ನ ಕರೀಲಿಲ್ಲ. ಆದ್ರೂ ನಾವು ಹೋಗೂಣು. ಎಲ್ಲಾರೂ ಆಕೀ ಶ್ರುತಿಗೆ ಏರಸ್ರಿ."

ತಾವೇ ಮೊದಲು ತಂಬೂರಿಯ ಬಿರಡೆ ತಿರುಗಿಸಿದರು. ಸಿತಾರಿನವರು ಮತ್ತೆ ಎದುರುಬದುರು ಕುಳಿತರು. ತಬಲಾದ ಹುಡುಗ ಗೊಣಗುತ್ತ ಸುತ್ತಿಗೆ ತೆಗೆದ. ಒಬ್ಬಳಿಗಾಗಿ ಅಷ್ಟೂ ಜನ ಬೆವರು ಒರೆಸಿಕೊಳ್ಳುತ್ತ ಏರಿಸುತ್ತಿದ್ದರು. ಬೈದಿದ್ದರೆ ದಾನಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಬಾಳವ್ವ ಬಂದು ಎದುರು ಕುಳಿತು ತನ್ನ ಪಿಟೀಲನ್ನು ಮುಂದೆ ಹಿಡಿದಳು. ಪದ್ಧತಿಯಂತೆ ಅವಳು ಮೀಟಿದಳು, ದಾನಮ್ಮ ತಿರುಗಿಸಿದಳು. ತಂತಿ ಹಳೆಯದು. ಟಪ್ಪೆಂದು ಹರಿದು ಬಾಳವ್ವನ ಬೆರಳಿಗೆ ಬಡಿಯಿತು. ರಕ್ತ ಚಿಮ್ಮಿತು.

"ಅಯ್ಯೋ," ಎಂದಳು ದಾನಮ್ಮ.

ಬಾಳವ್ವ ಬೆರಳನ್ನು ಒಮ್ಮೆ ಬಾಯಲ್ಲಿಟ್ಟು ಚೀಪಿ ತೆಗೆದಳು. ಮುಂದಿನ ತಂತಿ ಮೀಟಿದಳು.

"ತಿರುವು. ಮಂದಿ ಕಾಯಾಕತ್ತಾರ."

ಆಮೇಲೆ ಅವಳು ದಾನಮ್ಮನ ಪಿಟೀಲಿನ ಕಡೆ ಬಾಗಿದಳು. ಅಲ್ಲಿ ಸರಿಮಾಡುವುದೇನೂ ಉಳಿದಿರಲಿಲ್ಲ. ಆದರೂ ಒಂದೊಂದು ತಂತಿಯನ್ನೂ ತಲೆ ಬಾಗಿಸಿ ಕೇಳಿದಳು. ಒಂದೊಂದು ಬಿರಡೆಯನ್ನೂ ಮುಟ್ಟಿ ನೋಡಿದಳು.

"ಸರಿ ಐತಿ," ಎಂದಳು.

ಮೇಳ ಮುಚ್ಚಿದ ಬಾಗಿಲಿಗೆ ಎದುರಾಗಿ ಮತ್ತೆ ಶುರುಮಾಡಿತು. ದಾನಮ್ಮ ಆ ದಿನ ತನ್ನ ಪಿಟೀಲು ಕೇಳಲಿಲ್ಲ, ಬಾಳವ್ವನದನ್ನು ಕೇಳಿದಳು. ಹರಿದ ತಂತಿಯ ಸ್ವರ ಬಂದಾಗಲೆಲ್ಲ ಬಾಳವ್ವನ ಕಮಾನು ತಡವರಿಸುತ್ತಿತ್ತು. ಅಲ್ಲೆಲ್ಲ ದಾನಮ್ಮ ಮೆಲ್ಲಗೆ ತನ್ನದನ್ನು ಸೇರಿಸಿದಳು. ಸ್ವಲ್ಪ ಹೊತ್ತಿಗೆ ಯಾವುದು ತನ್ನದು, ಯಾವುದು ಅವಳದು ಎಂದು ಅವಳ ಆ ಕಿವಿಗೂ ಗೊತ್ತಾಗದೇ ಹೋಯಿತು. ಅವಳಿಗೆ ಹೆದರಿಕೆಯೇ ಆಯಿತು.

ಒಳಗಿನಿಂದ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಓಣಿಗೆಲ್ಲ ಕೇಳುವಂತೆ.

ಮಕ್ಕಳು ಗಾಬರಿಯಾಗಿ ಅಜ್ಜಾರ ಮುಖ ನೋಡಿದರು. ಅಂಬಿಗರ ಹಿರಿಯ ಕಣ್ಣೊರೆಸಿಕೊಳ್ಳುತ್ತ ಕೈ ಆಡಿಸಿದ.

"ನಿಲ್ಲಸಬ್ಯಾಡ್ರಿ. ಅಳಲಿ ಬಿಡ್ರಿ. ಬಾರಸ್ರಿ."

ಬಾರಿಸಿದರು. ಬಾಗಿಲು ಮಾತ್ರ ತೆರೆಯಲಿಲ್ಲ.

ಹಿಂದಿರುಗುವ ದೋಣಿಯಲ್ಲಿ ಮಕ್ಕಳೆಲ್ಲ ಮುಂದುಗಡೆ ಒಬ್ಬರಿಗೊಬ್ಬರು ಒರಗಿ ಕುಳಿತರು. ದಾನಮ್ಮ ಹಿಂದಿನ ತುದಿಗೆ ಹೋದಳು. ಕರೆದವರಿಲ್ಲ, ಬೇಡವೆಂದವರೂ ಇಲ್ಲ. ಹೊಸ್ತಿಲ ತನಕ ಬಂದಿದ್ದವಳನ್ನು ಒಳಗೆ ಅಟ್ಟಿದವಳು ತಾನು ಎಂಬುದು ಅವಳ ಎದೆಯಲ್ಲಿ ಕುಳಿತುಬಿಟ್ಟಿತ್ತು. ನಡುವೆ ಅಜ್ಜಾರು ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅಂಬಿಗ ಹುಟ್ಟು ಹಾಕುತ್ತಿದ್ದ.

ಹೊಳೆಯ ನಡುಮಧ್ಯೆ ಬಂದಾಗ ಅವಳು ಕೇಳಿಯೇಬಿಟ್ಟಳು.

"ಅಜ್ಜಾರ, ನಾ ಮೇಳದಾಗ ಇರ್ಲೋ, ಬಿಟ್ಟು ಊರಿಗೆ ಹೋಗ್ಲೋ?"

ಅಜ್ಜಾರು ದೋಣಿಯ ಮುಂದಿನ ತುದಿಯ ಕಡೆ ನೋಡಿದರು.

"ಬಾಳವ್ವನ ಬೆರಳು ಇನ್ನೂ ಸೋರಾಕತ್ತೈತಿ. ನಿನ್ನ ಕಡೆ ಒಂದು ಚೂರು ಬಟ್ಟಿ ಐತೇನವಾ?"