ಮಡಕೆಯಲ್ಲಿ ಇಲ್ಲದ ಬೀಜ

ನದಿಯ ದಂಡೆಯ ಆಶ್ರಮದಲ್ಲಿ ಅನಂತಾರ್ಯರು ಗಣಿತ ಕಲಿಸುತ್ತಿದ್ದರು. ಕಲಿಕೆ ಮುಗಿಸಿದ ಶಿಷ್ಯನಿಗೆ ಅವರದು ಒಂದೇ ಪರೀಕ್ಷೆ.

ಮರಳಿನಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಐದು ಕುಳಿ ತೋಡಿ ಕಲ್ಲು ತುಂಬಬೇಕು. ಯಾವ ಅಡ್ಡಸಾಲು ಎಣಿಸಿದರೂ, ಯಾವ ಕಂಬಸಾಲು ಎಣಿಸಿದರೂ ಮೊತ್ತ ಒಂದೇ ಬರಬೇಕು.

ನಾಗದೇವ ಬೆಳಗ್ಗೆಯೇ ತುಂಬಿಸಿಟ್ಟು ಕಾದಿದ್ದ. ನಾಲ್ಕನೇ ಅಡ್ಡಸಾಲು ಎಷ್ಟು ಹೆಣಗಿದರೂ ಕೂಡಿಬಂದಿರಲಿಲ್ಲ. ಹಿರಿಯ ಶಿಷ್ಯನೊಬ್ಬ ಹೇಳಿಕೊಟ್ಟಂತೆ ತುಂಬಿಸಿದ್ದ. ಹಾಗೇಕೆ ಎಂಬುದು ಅವನಿಗೆ ಈಗಲೂ ತಿಳಿದಿರಲಿಲ್ಲ.

ಸಿಕ್ಕಿಬಿದ್ದರೆ? ಕಳ್ಳಲೆಕ್ಕ ಮಾಡಿದವನನ್ನು ಗುರುಗಳು ಊರಿಗೆ ಅಟ್ಟುತ್ತಾರೆ ಎಂದು ಆಶ್ರಮದಲ್ಲೆಲ್ಲ ಮಾತಿತ್ತು. ಅಟ್ಟಿದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಹೆದರುವವನಿಗೆ ಅಷ್ಟು ಸಾಲದೇ!

ಗುರುಗಳು ಬಂದು ಎಣಿಸಿದರು, ತಲೆಯಾಡಿಸಿದರು. ಒಂದು ಮಡಕೆ ಮುಂದಿಟ್ಟರು.

"ಇದರಲ್ಲಿ ಐದು ಹುಣಸೆಬೀಜ ಇವೆ. ಒಂದರಿಂದ ಐದರವರೆಗೆ ಸುಣ್ಣದ ಚುಕ್ಕೆ. ಮೊದಲು ತೆಗೆದದ್ದು ಅಡ್ಡಸಾಲು. ಅದನ್ನು ಮಡಕೆಗೆ ಹಾಕಿ ಮತ್ತೆ ತೆಗೆದದ್ದು ಕಂಬಸಾಲು. ಎರಡೂ ಕೂಡುವ ಕುಳಿಗೆ ಒಂದು ಕಲ್ಲು ಹೆಚ್ಚಿಸು. ಆಮೇಲೆ ಬೇರೆ ಕುಳಿಗಳನ್ನು ತಿದ್ದಿ ಲೆಕ್ಕ ಸರಿಮಾಡು. ನಾನು ಬರುವವರೆಗೆ ಇದೇ ಕೆಲಸ."

"ಯಾವ ಕುಳಿ ಬರುತ್ತದೆ, ಗುರುಗಳೇ?"

"ಗೊತ್ತಿದ್ದರೆ ಮಡಕೆ ಯಾಕೋ?"

ಗುರುಗಳು ಸ್ನಾನಕ್ಕೆ ಹೋದರು. ನಾಗದೇವ ಮಡಕೆಯೊಳಗೆ ಇಣುಕಿ, ನಾಲ್ಕು ಚುಕ್ಕೆಯ ಬೀಜ ಹೆಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಇನ್ನು ಆ ಸಾಲು ಬರುವಂತಿಲ್ಲ. ಆದರೂ ಪ್ರತಿಸಲ ತೆಗೆದ ಬೀಜದ ಚುಕ್ಕೆಗಳನ್ನು ಎರಡೆರಡು ಬಾರಿ ಎಣಿಸಿಕೊಂಡ.

ಬಿಸಿಲೇರುವವರೆಗೆ ತೆಗೆದ, ಹೆಚ್ಚಿಸಿದ, ಬೀಜದಲ್ಲಿ ಬಂದ ಸಾಲುಗಳೊಳಗೇ ತಿದ್ದಿದ.

ಗುರುಗಳು ಮರಳಿ ಬಂದು ಎಣಿಸಿದರು. ಲೆಕ್ಕ ಸರಿಯಿತ್ತು. ಆದರೆ ಅವರ ಕಣ್ಣು ಮರಳಿನ ಮೇಲಿತ್ತು.

"ನಾಲ್ಕನೇ ಅಡ್ಡಸಾಲಿಗೆ ಕೈ ತಾಗಿಯೇ ಇಲ್ಲ."

"ಅದು ಬರಲೇ ಇಲ್ಲ, ಗುರುಗಳೇ."

"ನಾಲ್ಕನೇ ಕಂಬಸಾಲಿಗೂ ತಾಗಿಲ್ಲ."

ಕಂಬಸಾಲಿಗೂ ಅದೇ ಬೀಜ ಬೇಕೆಂಬುದು ನಾಗದೇವನಿಗೆ ಹೊಳೆದೇ ಇರಲಿಲ್ಲ.

"ಅಳಿಲು ಒಂದು ಬೀಜ ಹೊತ್ತುಕೊಂಡು ಹೋಯಿತೋ ಏನೋ," ಎಂದರು ಗುರುಗಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾಗದೇವನ ಕೈ ಸೊಂಟಕ್ಕೆ ಹೋಯಿತು.

ಇನ್ನು ಅಡಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ಬೀಜವನ್ನು ಗುರುಗಳ ಅಂಗೈಯಲ್ಲಿಟ್ಟು ಅತ್ತುಬಿಟ್ಟ.

"ಆ ಸಾಲು ನನಗೆ ಬರುವುದಿಲ್ಲ. ಹೇಳಿಸಿಕೊಂಡು ತುಂಬಿಸಿದೆ. ಗಂಟುಮೂಟೆ ಕಟ್ಟಲೇ, ಗುರುಗಳೇ?"

ಗುರುಗಳು ಮಡಕೆಯಲ್ಲಿ ಉಳಿದಿದ್ದ ಬೀಜಗಳನ್ನು ನದಿಗೆ ಚೆಲ್ಲಿದರು. ಅಂಗೈಯ ಬೀಜವನ್ನು ಬರಿದಾದ ಮಡಕೆಗೆ ಹಾಕಿ, ಅವನ ಮುಂದಿಟ್ಟು, ಪಕ್ಕದಲ್ಲೇ ಮರಳಿನ ಮೇಲೆ ಕೂತರು.

"ಯಾವುದು ಬರುತ್ತದೋ ಎಂಬ ಹೆದರಿಕೆ ಇನ್ನಿಲ್ಲ. ಕೈ ಹಾಕು."