ಕದಲುವ ಮೊದಲೇ ಓದಿ

ಶಾಲೆಯ ಪ್ರಯೋಗಾಲಯದಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ಹೊನ್ನೆ ಮರದ ತುಂಡೊಂದನ್ನು ಕೊಕ್ಕೆಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆ ಎಳೆಯತೊಡಗಿತು. ಒಂದು ನ್ಯೂಟನ್ ಬಲಕ್ಕೆ ತುಂಡು ಕದಲಲಿಲ್ಲ. ಎರಡಕ್ಕೂ ಇಲ್ಲ, ಮೂರಕ್ಕೂ ಇಲ್ಲ. ಮುಳ್ಳು ನಾಲ್ಕು ಮುಟ್ಟಿದಾಗ ಸರಕ್ಕನೆ ಜಾರಿತು. ಕೂಡಲೇ ಮುಳ್ಳು ಮೂರಕ್ಕೆ ಇಳಿದು ಅಲ್ಲೇ ನಿಂತಿತು.

“ನಿನ್ನ ವಿರೋಧವೆಲ್ಲ ಸೇರಿ ಮೂರೇ ನ್ಯೂಟನ್,” ಎಂದಿತು ತಕ್ಕಡಿ. “ಹಾಗೆಂದೇ ಬರೆಸುತ್ತೇನೆ.”

“ಮುಳ್ಳು ನಾಲ್ಕು ಮುಟ್ಟಿದ್ದನ್ನು ನೀವೇ ಕಂಡಿರಲ್ಲ, ಸಾಹೇಬರೇ?” ಎಂದಿತು ತುಂಡು.

“ಅದು ಒಂದು ಗಳಿಗೆಯ ಮಾತು. ಮುಳ್ಳು ನಿಂತ ಮೇಲೆ ಓದುವುದು ನಮ್ಮ ಪದ್ಧತಿ.”

“ಮುಳ್ಳು ನಿಂತದ್ದು ನಾನು ಜಾರಿದ ಮೇಲೆ. ನೀವು ಓದಿದ ಮೂರು ನನ್ನ ಜಾರು ಘರ್ಷಣೆ, ಎಳೆದುಕೊಂಡು ಹೋಗುವಾಗಲೂ ನಾನು ಬಿಡದ ಹಟ. ನಿಂತ ಜಾಗ ಬಿಡದ ಹಟ ಬೇರೆ. ನೀವು ಒಂದರಲ್ಲಿ ಎಳೆದಾಗ ಒಂದರಲ್ಲಿ ತಡೆದೆ, ಎರಡರಲ್ಲಿ ಎಳೆದಾಗ ಎರಡರಲ್ಲಿ ತಡೆದೆ. ಅದು ಎಲ್ಲಿಯವರೆಗೆ ಎಂದು ತಿಳಿಯಬೇಕಾದರೆ ನನ್ನನ್ನು ಕದಲುವ ಮೊದಲೇ ಓದಬೇಕು.”

“ಜಾರಿ ಬಿದ್ದವನಿಗೆ ಮಾತು ಜಾಸ್ತಿ,” ಎಂದು ತಕ್ಕಡಿ ಮತ್ತೆ ಎಳೆಯಿತು.

ತುಂಡು ಮೇಜನ್ನು ಕಚ್ಚಿ ಹಿಡಿಯಿತು. ಮುಳ್ಳು ಮೂರನ್ನು ದಾಟಿತು, ಮೂರೂವರೆಯನ್ನೂ ದಾಟಿತು. ತಕ್ಕಡಿಯ ಸುರುಳಿ ಕಿರ್ರೆಂದಿತು.

“ಈಗ ಓದಿ, ಸಾಹೇಬರೇ,” ಎಂದಿತು ತುಂಡು. “ನಾನಿನ್ನೂ ನಿಂತೇ ಇದ್ದೇನೆ.”